ಸಂದಿಮನೆಗೆ ಒಂದು ಲೋಡು ಜಲ್ಲಿ

ಈ ಭಾನುವಾರ ಬೆಳಿಗ್ಗೆ ಹಾಲು ತರಲು ಹೋದವನು ಬೀದಿಯ ತಿರುವಿನಲ್ಲಿ ಸುಮ್ಮನೆ ನಿಂತುಬಿಟ್ಟೆ. ಅಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ರಸ್ತೆಯ ಪಕ್ಕ ಸುರಿದಿದ್ದ ಜಲ್ಲಿಯ ರಾಶಿಗೆ ಕಾವಲಿನವನು ಪೈಪು ಹಿಡಿದು ನೀರು ಬಿಡುತ್ತಿದ್ದ. ಕಲ್ಲಿನ ಮೇಲಿನ ಬೂದಿಬಣ್ಣದ ಪುಡಿ ಕರಗಿ ಚರಂಡಿಗೆ ಹರಿಯುತ್ತಿತ್ತು. ಒದ್ದೆಯಾದ ಕಲ್ಲಿನಿಂದ ಒಂದು ವಾಸನೆ ಏಳುತ್ತಿತ್ತು. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಯನ್ನು ಹೊಗಳದವರಿಲ್ಲ. ಒದ್ದೆ ಜಲ್ಲಿಯ ವಾಸನೆಯನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಹೊಗಳುವಂಥದ್ದೂ ಅಲ್ಲ, ಸ್ವಲ್ಪ ಪಟಾಕಿಯ ಮದ್ದು, ಸ್ವಲ್ಪ ಸ್ಲೇಟು ಒರೆಸಿದ ಬಟ್ಟೆ ಸೇರಿದ ಹಾಗಿರುತ್ತದೆ. ಆದರೆ ಅದು ಮೂಗಿಗೆ ಬಡಿದರೆ ನನಗೆ ನೇರವಾಗಿ ಹೊಟ್ಟೆಗೆ ಇಳಿಯುತ್ತದೆ, ಇಳಿದು ಅಲ್ಲಿ ಉರಿಯುತ್ತದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ ಎಂದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ, ಇಂಥದೇ ಒಂದು ಲೋಡು ಜಲ್ಲಿಯ ಮುಂದೆ ನಿಂತಾಗ.

ನಮ್ಮ ಮನೆ ಕೃಷ್ಣಮೂರ್ತಿಪುರಂನಲ್ಲಿದೆ ಅಂದರೆ ಕೇಳಿದವರು "ಓಹೋ, ಒಳ್ಳೆ ಜಾಗ" ಅನ್ನುತ್ತಾರೆ. ಜಾಗವೇನೋ ಒಳ್ಳೆಯದೇ. ಆದರೆ ನಮ್ಮ ಮನೆ ಬೀದಿಯಲ್ಲಿಲ್ಲ, ಬೀದಿಯ ಮನೆಗಳ ಹಿಂದೆ ಇದೆ. ಎರಡು ಕಾಂಪೌಂಡುಗಳ ನಡುವೆ ಒಂದು ಸಂದಿ. ಅದರಲ್ಲಿ ಅರವತ್ತು ಹೆಜ್ಜೆ ನಡೆದು, ನಡುವೆ ಎರಡು ಮೆಟ್ಟಿಲು ಇಳಿದು, ಎಡಕ್ಕೆ ತಿರುಗಿದರೆ ಸಾಲಾಗಿ ನಾಲ್ಕು ಮನೆ, ಕೊನೆಯದು ನಮ್ಮದು. ಸಂದಿಯ ಅಗಲ ನಾಲ್ಕಡಿ ಚಿಲ್ಲರೆ. ಹೊಸ ಬೀರು ಕೊಳ್ಳಬೇಕಾದರೆ ಉಳಿದವರು ಬೀರುವನ್ನು ನೋಡುತ್ತಾರೆ. ನಾವು ಮೊದಲು ಸಂದಿಯನ್ನು ನೋಡಿಕೊಳ್ಳುತ್ತೇವೆ. ನನ್ನ ಮದುವೆಯ ಮಂಚ ಕಾಲು ಬಿಚ್ಚಿಸಿಕೊಂಡು ಒಳಗೆ ಬಂದದ್ದು. ಹುಟ್ಟಿದ್ದೇ ಅಲ್ಲಿ, ಆದ್ದರಿಂದ ಅದೊಂದು ಕೊರತೆ ಎಂದು ನನಗೆ ಅನ್ನಿಸಿರಲಿಲ್ಲ. ಅನ್ನಿಸುವಂತೆ ಮಾಡಿದವರು ಗುರುಸ್ವಾಮಿ.

ಗುರುಸ್ವಾಮಿ ನನ್ನ ಷಡ್ಡಕ. ನನ್ನ ಹೆಂಡತಿ ಗಿರಿಜಳ ಅಕ್ಕ ಶೈಲಜಳ ಗಂಡ. ರಾಮಕೃಷ್ಣನಗರದಲ್ಲಿ ಸಿಮೆಂಟು, ಕಬ್ಬಿಣ, ನಲ್ಲಿ, ಪೈಪುಗಳ ಅಂಗಡಿ ಇಟ್ಟಿದ್ದಾರೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವರು. ಆದರೆ ದೊಡ್ಡ ಮಗಳ ಕೈ ಹಿಡಿದದ್ದರಿಂದ ಮನೆಗೆ ದೊಡ್ಡ ಅಳಿಯ. ಹಬ್ಬದ ದಿನ ಮೊದಲ ಒಬ್ಬಟ್ಟು ಅವರ ಎಲೆಗೆ, ಎರಡನೆಯದು ನನ್ನ ಎಲೆಗೆ. ಎರಡನೆಯ ಒಬ್ಬಟ್ಟಿನ ರುಚಿ ಕಡಿಮೆ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಇಪ್ಪತ್ತೈದು ವರ್ಷ ತಿಂದಿರುವ ನಾನು ಹೇಳುತ್ತೇನೆ, ಕಡಿಮೆ.

ಅವರು ಮನೆ ಕಟ್ಟಿಸುವಾಗ ಒಂದು ದಿನ ನೋಡಲು ಹೋಗಿದ್ದೆ. ಮೂಲೆ ಸೈಟು, ಎರಡು ಕಡೆಯೂ ನಲವತ್ತಡಿ ರಸ್ತೆ. ಟಿಪ್ಪರ್ ಬಂತು, ಹಿಂದಕ್ಕೆ ಸರಿಯಿತು, ಗೇಟು ಇರಬೇಕಾದ ಜಾಗದಿಂದ ಒಳಗೇ ನುಗ್ಗಿ ನಿಂತಿತು. ಹಿಂಬದಿ ಮೇಲಕ್ಕೆದ್ದು, ಜಲ್ಲಿ ಸರಸರನೆ ಜಾರಿ, ಎಲ್ಲಿ ಬೇಕೋ ಅಲ್ಲೇ ರಾಶಿಯಾಯಿತು. ಗುರುಸ್ವಾಮಿ ತಿರುಗಿಯೂ ನೋಡಲಿಲ್ಲ. ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದರು. ಜನ ಇನ್ನೊಬ್ಬರ ಹಣ ಕಂಡು, ಅಧಿಕಾರ ಕಂಡು ಹೊಟ್ಟೆ ಉರಿದುಕೊಳ್ಳುತ್ತಾರೆ. ರಸ್ತೆಯ ಅಗಲ ಕಂಡು ಉರಿದುಕೊಂಡವನು ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು.

ಇನ್ನು ನಮ್ಮ ಅತ್ತೆ, ಸರ್ವಮಂಗಳಮ್ಮನವರ ವಿಷಯ. ಮಾವ ತೀರಿಕೊಂಡ ಮೇಲೆ ಕುಂಬಾರಕೊಪ್ಪಲಿನ ಒಂದು ಬಾಡಿಗೆ ಮನೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು, ಸುತ್ತಲಿನ ಹೆಣ್ಣುಮಕ್ಕಳಿಗೆ ರವಿಕೆ ಹೊಲಿಯುವುದನ್ನು ಕಲಿಸುತ್ತ, ಯಾರಿಗೂ ತಲೆಬಾಗದೆ ಬದುಕಿದವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಶಿವದಾರ, ಅದರ ಪಕ್ಕದಲ್ಲೇ ಅಳತೆಯ ಟೇಪು. ಕಂಡದ್ದನ್ನೆಲ್ಲ ಅಳೆಯುವ ಅಭ್ಯಾಸ. ನಮ್ಮ ಸಂದಿಯನ್ನೂ ಅಳೆದು "ನಾಲ್ಕಡಿ ಐದಿಂಚು" ಎಂದು ತೀರ್ಪು ಕೊಟ್ಟವರು ಅವರೇ. ಇಬ್ಬರು ಅಳಿಯಂದಿರನ್ನೂ ಅಳೆದಿದ್ದರು. "ಗುರುಸ್ವಾಮಿಯವರು ಬಂದ್ರೆ ಮನೆ ತುಂಬ್ಕೊಂಡಂಗಾಗುತ್ತೆ" ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದರು. ನನ್ನ ಬಗ್ಗೆ ಯಾರಾದರೂ ಕೇಳಿದರೆ, "ಚಿಕ್ಕ ಅಳಿಯಂದಿರಾ? ಪಾಪ, ತುಂಬಾ ಒಳ್ಳೆಯವರು."

ಆ 'ಪಾಪ'ದ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ಪುರಾಣದಲ್ಲಿ ಪಾಪಕ್ಕೆ ಏನು ಅರ್ಥವೋ ಇರಲಿ, ಅಲ್ಲಿ ಅದನ್ನು ಮಾಡಲು ಸ್ವಲ್ಪ ಧೈರ್ಯವಾದರೂ ಬೇಕು. ನಮ್ಮ ಊರಿನ ಮಾತಿನಲ್ಲಿ ಒಳ್ಳೆಯವರು ಎಂಬುದರ ಹಿಂದೆ ಪಾಪ ಬಂದು ಕೂತರೆ ಮುಗಿಯಿತು. ಈ ಮನುಷ್ಯನಿಂದ ಕೆಟ್ಟದ್ದಾಗುವುದಿಲ್ಲ, ಯಾಕೆಂದರೆ ಏನೂ ಆಗುವುದಿಲ್ಲ ಎಂದು ಅರ್ಥ. ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಪುಸ್ತಕ ತೆಗೆದುಕೊಳ್ಳುವ ನನ್ನ ಬಗ್ಗೆ ಬೇರೇನು ಹೇಳಲು ಸಾಧ್ಯ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅದರಿಂದ ಉರಿ ಕಡಿಮೆಯಾಗಿಲ್ಲ.

ಮೂರು ವರ್ಷದ ಹಿಂದೆ, ಯುಗಾದಿಯ ಊಟಕ್ಕೆ ಕುಂಬಾರಕೊಪ್ಪಲಿನಲ್ಲಿ ಎಲ್ಲರೂ ಸೇರಿದ್ದೆವು. ಮನೆಯ ಮಾಲೀಕರು ಆ ಮನೆ ಕೆಡವಿ ಹೊಸದು ಕಟ್ಟಿಸುತ್ತಾರಂತೆ, ಅತ್ತೆ ಬಿಡಬೇಕಾಗಿ ಬಂದಿತ್ತು. ಬಡಿಸುತ್ತಲೇ ವಿಷಯ ಹೇಳಿದರು. ಗುರುಸ್ವಾಮಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಮ್ಮನೇಲಿ ಕೆಳಗಡೆ ರೂಮು ಖಾಲಿನೇ ಐತಲ್ಲ ಅತ್ತೆ. ನಾಳೆನೇ ಬಂದ್ಬುಡಿ. ಅದ್ಕೇನು ಯೋಚ್ನೆ?" ಎಂದರು. ಎಷ್ಟು ಸಲೀಸಾಗಿ ಅಂದರೆ, ಅವರ ಮನೆಗೆ ಜಲ್ಲಿ ಬಂದು ಬಿದ್ದಷ್ಟೇ ಸಲೀಸಾಗಿ. ನಾನು ತಲೆ ಎತ್ತದೆ ಹೇಳಿದೆ, "ನಮ್ಮ ಹಿತ್ತಲಲ್ಲಿ ಒಂದು ರೂಮು ಕಟ್ಟಿಸ್ತಾ ಇದೀನಿ. ಅತ್ತೆಗೇ ಅಂತ."

ಕೋಸಂಬರಿ ಬಡಿಸುತ್ತಿದ್ದ ಗಿರಿಜಳ ಕೈ ಅಲ್ಲೇ ನಿಂತಿತು. ಅವಳಿಗೆ ಆ ವಿಷಯ ಗೊತ್ತಿರಲಿಲ್ಲ. ಆ ಗಳಿಗೆಯವರೆಗೆ ನನಗೂ ಗೊತ್ತಿರಲಿಲ್ಲ.

ಅತ್ತೆಯ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದೆ ಎಂದು ಬರೆದುಬಿಡಬಹುದಿತ್ತು. ನೀವೂ ನಂಬುತ್ತಿದ್ದಿರಿ. ಆದರೆ ನಿಜ ಅದಲ್ಲ. ಗೌರವ ಇತ್ತು, ಸ್ವಲ್ಪ ಭಯವೂ ಇತ್ತು. ಪ್ರೀತಿಯ ವಿಷಯ ನಾನು ಯೋಚಿಸಿರಲಿಲ್ಲ. ಅವರು ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದಾಗ ಆ ಒಬ್ಬ ಗುರುಸ್ವಾಮಿ ಆಗಬಾರದು ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

"ಆ ಸಂದೀಲಿ ಕಲ್ಲು ಮಣ್ಣು ಎಲ್ಲ ಹೆಂಗೆ ತರಿಸ್ತೀರಿ?" ಎಂದು ಅತ್ತೆ ಕೇಳಿದರು. ಗುರುಸ್ವಾಮಿ ತಕ್ಷಣ, "ಅದನ್ನ ನನಗೆ ಬುಡಿ. ನಮ್ಮ ಕಡೆ ಜನ ಅವ್ರೆ" ಎಂದರು. "ಬೇಡ, ನಾನೇ ಮಾಡಿಸ್ತೀನಿ" ಎಂದೆ. ಆ ದಿನ ಒಬ್ಬಟ್ಟು ಪರವಾಗಿಲ್ಲ ಅನ್ನಿಸಿತು.

ಇಟ್ಟಿಗೆ, ಮರಳು, ಸಿಮೆಂಟು ಹೇಗೋ ಬಂದವು. ಸಣ್ಣ ಗೂಡ್ಸ್ ಆಟೋದಲ್ಲಿ ಸ್ವಲ್ಪ ಸ್ವಲ್ಪವೇ ತರಿಸಿ, ಸಂದಿಯ ಬಾಯಿಯಲ್ಲಿ ಇಳಿಸಿ, ಮೇಸ್ತ್ರಿಯ ಆಳುಗಳು ಹೊತ್ತು ಹಾಕಿದರು. ಗೋಡೆ ಎದ್ದಿತು. ಸೂರು ಹಾಕುವ ಹೊತ್ತಿಗೆ ಜಲ್ಲಿ ಬೇಕಾಯಿತು, ಜಲ್ಲಿಯವರು ಒಂದು ಪೂರ್ತಿ ಲೋಡಿಗೆ ಕಡಿಮೆ ಕಳಿಸುವುದಿಲ್ಲ ಎಂದರು. ಫೋನಿನಲ್ಲಿ ಆ ಮನುಷ್ಯ ಕೇಳಿದ, "ರೋಡು ಎಷ್ಟಡಿ ಸಾರ್?"

"ನಾಲ್ಕು."

"ನಲವತ್ತಾ?"

"ನಾಲ್ಕು."

ತಿಳಿಯದವರಿಗೆ ತಿಳಿಸುವ ದನಿಯಲ್ಲಿ, "ಸಾರ್, ಅದು ರೋಡಲ್ಲ" ಎಂದ. ಕೊನೆಗೆ ಸಂದಿಯ ಬಾಯಲ್ಲಿ ಬೀದಿಗೆ ಸುರಿದು ಹೋಗುವುದು, ಆಮೇಲಿನದು ನಮ್ಮ ಪಾಡು ಎಂದು ಮಾತಾಯಿತು. ಮೇಸ್ತ್ರಿ ಧೈರ್ಯ ಕೊಟ್ಟ. "ಭಾನುವಾರ ಹಾಕ್ಸಿ ಸಾರ್. ಏಳು ಗಂಟೆಗೆ ನಾಲ್ಕು ಜನ ಬಾಂಡ್ಲಿ ಸಮೇತ ನಿಂತಿರ್ತಾರೆ. ಮಧ್ಯಾಹ್ನಕ್ಕೆ ಒಂದು ಕಲ್ಲು ಉಳಿದಿದ್ರೆ ಕೇಳಿ."

ಭಾನುವಾರ ಆರೂವರೆಗೇ ಟಿಪ್ಪರ್ ಬಂತು. ನಾನು ಹಿಂದೆ ನಿಂತು, ಜನ್ಮದಲ್ಲಿ ಮೊದಲ ಸಲ, "ಬರ್ಲಿ, ಬರ್ಲಿ, ರೈಟ್, ಸ್ವಲ್ಪ ಲೆಫ್ಟು" ಎಂದು ಕೂಗಿದೆ. ಹೇಳಲು ನಾಚಿಕೆಯಾಗುತ್ತದೆ, ಎದೆ ಉಬ್ಬಿತ್ತು. ಹಿಂಬದಿ ಎದ್ದಿತು, ಜಲ್ಲಿ ಜಾರಿತು. ಗುರುಸ್ವಾಮಿಯವರ ಸೈಟಿನಲ್ಲಿ ರಾಶಿಯಾಗಿ ನಿಂತದ್ದು ಇಲ್ಲಿ ನಿಲ್ಲಲಿಲ್ಲ. ಬೀದಿ ಅಲ್ಲಿ ಸ್ವಲ್ಪ ಇಳಿಜಾರು. ಕಲ್ಲು ಹರಡಿಕೊಂಡು ಅರ್ಧ ಬೀದಿ ತುಂಬಿತು, ಸಂದಿಯ ಬಾಯಿ ಮುಚ್ಚಿತು, ಪಕ್ಕದ ಬೀದಿಮನೆಯ ಗೇಟಿಗೆ ಸೊಂಟದೆತ್ತರಕ್ಕೆ ಒರಗಿ ಕೂತಿತು. ಟಿಪ್ಪರ್ ಹೊರಟುಹೋಯಿತು. ಏಳಾಯಿತು, ಏಳೂವರೆ ಆಯಿತು, ಆಳುಗಳಿಲ್ಲ. ಮೇಸ್ತ್ರಿಯ ಫೋನು ಸ್ವಿಚ್ ಆಫ್. ಬೇರೆ ಯಾರದೋ ಮನೆಯ ಸೂರು ಹಾಕಲು ಎಲ್ಲರನ್ನೂ ಕರೆದುಕೊಂಡು ಹೋಗಿದ್ದನೆಂದು ಮರುದಿನ ತಿಳಿಯಿತು.

ಆ ಬೀದಿಮನೆಯವರು ಶೇಷಾದ್ರಿಗಳು. ಅವರ ಅಜ್ಜ ಅರಮನೆಯಲ್ಲಿ ಪಂಡಿತರಾಗಿದ್ದರಂತೆ. ಆ ಮನೆತನದಲ್ಲಿ ಯಾರೂ ದನಿ ಎತ್ತುವುದಿಲ್ಲ. ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಗೇಟಿನ ಆ ಕಡೆ ನಿಂತು ಮೆಲ್ಲಗೆ ಹೇಳಿದರು, "ಬೆಳಿಗ್ಗೆ ಬೆಳಿಗ್ಗೆ ತೊಂದ್ರೆ ಕೊಡ್ತೀನಿ ಅನ್ಕೋಬೇಡಿ. ಗೇಟು ತೆಗೆಯೋಕೆ ಆಗ್ತಾ ಇಲ್ಲ. ಹತ್ತು ಗಂಟೆಗೆ ಮುಹೂರ್ತ. ನಾನು ಹುಡುಗೀ ಸೋದರಮಾವ."

ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವನಿಲ್ಲದೆ ಅವಳು ಹಸೆಗೆ ಬರುವುದಿಲ್ಲ. ಶೇಷಾದ್ರಿಗಳ ಹೆಂಡತಿಗೆ ಎರಡು ಮಂಡಿಗೂ ಆಪರೇಷನ್ ಆಗಿದೆ. ಜಲ್ಲಿ ಹತ್ತಿ ಇಳಿಯುವ ಮಾತೇ ಇಲ್ಲ. ಕಾರು ಒಳಗೇ ಇದೆ. ಅವರು ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವರು ಗಡಿಯಾರ ನೋಡಿಕೊಂಡು ಒಳಗೆ ಹೋದರು.

ಮನೆಯಲ್ಲಿದ್ದದ್ದು ಮೇಸ್ತ್ರಿ ಬಿಟ್ಟುಹೋಗಿದ್ದ ಒಂದು ಬಾಂಡ್ಲಿ, ನಮ್ಮದೊಂದು ಪ್ಲಾಸ್ಟಿಕ್ ಟಬ್ಬು. ಟವಲನ್ನು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟುಕೊಂಡೆ. ಜಲ್ಲಿಯ ಮೇಲೆ ಕಾಲಿಟ್ಟರೆ ಅದು ನಿಂತಲ್ಲಿ ನಿಲ್ಲಗೊಡುವುದಿಲ್ಲ. ತುಂಬಿದ ಬಾಂಡ್ಲಿ ತಲೆಗೇರಿದ ಮೇಲೆ ಕತ್ತು ತಿರುಗುವುದಿಲ್ಲ. ಅರವತ್ತು ಹೆಜ್ಜೆ ಹೋಗಿ ಸುರಿದು ಬಂದು ನೋಡಿದರೆ ರಾಶಿ ಇದ್ದಂತೆಯೇ ಇತ್ತು. ಮೂರು ಸಲ ಹೋಗಿ ಬಂದೆ. ನಾಲ್ಕನೆಯ ಸಲ ಗಿರಿಜ ಕೇಳಿದಳು, "ಗುರುಸ್ವಾಮಿ ಭಾವಂಗೆ ಒಂದು ಫೋನ್ ಮಾಡ್ಲಾ?"

"ಮಾಡಿದ್ರೆ ನೋಡು" ಎಂದೆ.

ಅವಳು ಟಬ್ಬಿಗೆ ಜಲ್ಲಿ ತುಂಬತೊಡಗಿದಳು. ಎಷ್ಟು ಬೇಗ ಒಪ್ಪಿಕೊಂಡಳಲ್ಲ ಎಂದುಕೊಂಡೆ. ಫೋನು ಅರ್ಧ ಗಂಟೆ ಮೊದಲೇ ಆಗಿತ್ತು.

ಎಂಟು ಗಂಟೆಗೆ ಸ್ಕೂಟರು ಬಂತು. ಗುರುಸ್ವಾಮಿಯವರ ಎರಡು ಕಾಲಿನ ನಡುವೆ ಒಂದರೊಳಗೊಂದು ಇಟ್ಟ ಎಂಟು ಹೊಸ ಬಾಂಡ್ಲಿ. ಹಿಂದೆ ಅಡ್ಡವಾಗಿ ಕೂತು, ಕೊರಳಲ್ಲಿ ಟೇಪು ಹಾಕಿಕೊಂಡು, ನಮ್ಮ ಅತ್ತೆ. ಅವರು ಶನಿವಾರದಿಂದ ಗುರುಸ್ವಾಮಿಯವರ ಮನೆಯಲ್ಲೇ ಇದ್ದರಂತೆ. ಅದು ಬೇರೆ ನನಗೆ ಆಗಲೇ ತಿಳಿಯಬೇಕಾಗಿತ್ತು. ಇನ್ನೊಂದು ಸ್ಕೂಟರಿನಲ್ಲಿ ಅವರ ಅಂಗಡಿಯ ಇಬ್ಬರು ಆಳುಗಳು, ಸಲಿಕೆ ಹಿಡಿದುಕೊಂಡು.

ಗುರುಸ್ವಾಮಿ ನನ್ನನ್ನು ಏನೂ ಕೇಳಲಿಲ್ಲ. ಅದೇ ನನಗೆ ಇನ್ನಷ್ಟು ಚುಚ್ಚಿತು. ಪಂಚೆ ಎತ್ತಿಕಟ್ಟಿ, "ಮೊದ್ಲು ಅಯ್ನೋರ ಗೇಟು" ಎಂದು ಸಲಿಕೆ ಹಿಡಿದರು. ಮೂವರೂ ಸೇರಿ ಜಲ್ಲಿಯನ್ನು ಬೀದಿಯ ಆ ಪಕ್ಕಕ್ಕೆ ಎಳೆದರು. ಇಪ್ಪತ್ತು ನಿಮಿಷಕ್ಕೆ ಗೇಟು ತೆರೆಯಿತು. ಕಾರು ಹೊರಬಂದಾಗ ಶೇಷಾದ್ರಿಗಳು ಕಿಟಕಿಯಿಂದ ಕೈಮುಗಿದು, "ತುಂಬಾ ಉಪಕಾರವಾಯ್ತು" ಎಂದರು, ಗುರುಸ್ವಾಮಿಗೆ. ಗೇಟು ಮುಚ್ಚಿಸಿದವನಿಗೆ ಉಪಕಾರ ಹೇಳುವ ಪದ್ಧತಿ ಇಲ್ಲ ಎಂದು ನನಗೆ ಗೊತ್ತು. ಆದರೂ ನಾನು ಅಲ್ಲೇ ನಿಂತಿದ್ದೆ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು.

ಆಮೇಲೆ ಗುರುಸ್ವಾಮಿ ಮಾಡಿದ್ದನ್ನು ನಾನು ಜನ್ಮದಲ್ಲಿ ಮಾಡಲಾರೆ. ಸಂದಿಯೊಳಗಿನ ಒಂದೊಂದು ಮನೆಯ ಬಾಗಿಲು ತಟ್ಟಿದರು. "ಅಣ್ಣ, ಒಂದ್ಗಂಟೆ ಕೈ ಕೊಡಿ. ಹೊರೋದು ಬ್ಯಾಡ, ನಿಂತಲ್ಲೇ ನಿಂತ್ಕಂಡು ಕೈ ಬದಲಾಯ್ಸಿ, ಅಷ್ಟೆಯ" ಎಂದರು. ಎದುರು ಬೀದಿಯಲ್ಲಿ ನಡೆದುಹೋಗುತ್ತಿದ್ದವರನ್ನು ಕರೆದರು. ಒಂಬತ್ತು ಗಂಟೆಗೆ ಬೀದಿಯಿಂದ ನಮ್ಮ ಹಿತ್ತಲಿನವರೆಗೆ ಇಪ್ಪತ್ತೆರಡು ಜನ ಸಾಲಾಗಿ ನಿಂತಿದ್ದರು. ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಒಳಗೆ ಹೋಗುತ್ತಿತ್ತು, ಖಾಲಿ ಬಾಂಡ್ಲಿ ಹೊರಗೆ ಬರುತ್ತಿತ್ತು. ಹುಟ್ಟಿದಾಗಿನಿಂದ ಆ ಸಂದಿಯಲ್ಲಿರುವ ನನಗೆ ಎರಡನೆಯ ಮನೆಯವರ ಹೆಸರು ಗೊತ್ತಿರಲಿಲ್ಲ. ಗುರುಸ್ವಾಮಿ ಒಂದು ಗಂಟೆಯೊಳಗೆ ಅವರ ಮಗಳ ಪರೀಕ್ಷೆಯ ವಿಷಯ ವಿಚಾರಿಸುತ್ತಿದ್ದರು. ಜನ ನಗುತ್ತಿದ್ದರು. ನಮ್ಮ ಸಂದಿಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ನನಗೆ ಅವರು ಕೊಟ್ಟ ಜಾಗ ಸಾಲಿನ ತುದಿ, ಹಿತ್ತಲಲ್ಲಿ. ಬಂದದ್ದನ್ನು ಸುರಿಯುವ ಕೆಲಸ, ಎಲ್ಲಕ್ಕಿಂತ ಸುಲಭದ್ದು. "ನೀವು ಆಗ್ಲೇ ಕಲ್ಲು ಒತ್ತು ಸುಸ್ತಾಗಿದೀರ" ಎಂದರು. ಅದು ಕನಿಕರ ಎಂದು ನನಗೆ ಖಾತ್ರಿಯಾಗಿ ತಿಳಿಯಿತು. ನಾನು ಬೀದಿಗೆ ಬಂದೆ. ಒಬ್ಬ ಆಳಿನ ಕೈಯಿಂದ ಸಲಿಕೆ ಕಿತ್ತುಕೊಂಡು, ಬಾಂಡ್ಲಿಗೆ ತುಂಬಿ, ಬಗ್ಗಿ ಎತ್ತಿದೆ. ಅರ್ಧಕ್ಕೆ ಬಂದಾಗ ಸೊಂಟದಲ್ಲಿ ಯಾವುದೋ ಚಿಲಕ ಬಿದ್ದ ಹಾಗಾಯಿತು. ಕಾಲಡಿಯ ಜಲ್ಲಿ ಜಾರಿತು. ನಾನು ರಾಶಿಯ ಮೇಲೆ ಕೂತಿದ್ದೆ, ಬಾಂಡ್ಲಿ ಮಡಿಲಲ್ಲಿತ್ತು, ಅಂಗೈ ಸೀಳಿ ರಕ್ತ ಬರುತ್ತಿತ್ತು. ಸಾಲು ನಿಂತಿತು. ಇಪ್ಪತ್ತೆರಡು ಜನವೂ ನನ್ನ ಕಡೆ ನೋಡಿದರು.

ಅತ್ತೆ ಎಲ್ಲಿದ್ದರೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಲ್ಲಿಯ ಮೇಲೆಯೇ ನಡೆದು ಬಂದರು. "ನಿನಗೇನು ಬುದ್ಧಿ ಇದೆಯೇನೋ? ಯಾರು ಹೇಳಿದ್ರು ನಿನಗೆ ಇದನ್ನ ಎತ್ತು ಅಂತ? ಸೊಂಟ ಮುರ್ಕೊಂಡು ಮಲಗಿದ್ರೆ ನನ್ನ ಮಗಳು ನೋಡ್ಬೇಕು. ತೋರ್ಸು ಕೈನ. ಎಷ್ಟು ಸಲ ಹೇಳ್ಬೇಕು ನಿನಗೆ, ತೋರ್ಸು" ಎಂದರು. ಬೀದಿಗೆಲ್ಲ ಕೇಳಿಸಿತು. ನನ್ನ ತೋಳು ಹಿಡಿದು ಎಬ್ಬಿಸಿ, ಸಂದಿಯ ಕಡೆ ದೂಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ದನಿ ಇಳಿಸಿ, "ಗುರುಸ್ವಾಮಿಯವರೇ, ನೀವು ಸ್ವಲ್ಪ ಮಜ್ಜಿಗೆ ಕುಡೀರಿ. ಬಿಸಿಲು ಏರ್ತಾ ಇದೆ" ಎಂದರು.

ಇಪ್ಪತ್ತೆರಡು ವರ್ಷ ಆ ಹೆಂಗಸು ನನ್ನನ್ನು "ನೀವು, ಬನ್ನಿ, ಕೂತ್ಕೊಳ್ಳಿ" ಎಂದು ಕರೆದವರು. ಅವತ್ತು ಬೀದಿಯ ಮುಂದೆ ನಾನು "ನೀನು" ಆದೆ, "ಏನೋ" ಆದೆ. ಗುರುಸ್ವಾಮಿ ಮಾತ್ರ "ನೀವು" ಆಗಿಯೇ ಉಳಿದರು. ನಾನು ಒಳಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅಡುಗೆಮನೆಯಲ್ಲಿ ಎಲ್ಲರಿಗೂ ಮಜ್ಜಿಗೆ ಮಾಡುತ್ತಿದ್ದ ಗಿರಿಜ ಬಂದು ಅಂಗೈಗೆ ಅರಿಶಿನ ಒತ್ತಿದಳು. ಎದುರಿಗೆ ಜಲ್ಲಿ ಬಂದು ಬಂದು ಬೀಳುತ್ತಿತ್ತು. ಪ್ರತಿ ಸಲ ಬಿದ್ದಾಗಲೂ ಆ ಸದ್ದಿಗೆ ನಾನು ಹಲ್ಲು ಕಡಿಯುತ್ತಿದ್ದೆ. ಹನ್ನೊಂದೂವರೆಗೆ ಮುಗಿಯಿತು. ಗುರುಸ್ವಾಮಿ ಪೊರಕೆ ತರಿಸಿ, ಯಾರ ಗಾಡಿಯ ಚಕ್ರಕ್ಕೂ ಕಲ್ಲು ಸಿಗದ ಹಾಗೆ ಬೀದಿ ಗುಡಿಸಿ, ಕೈಕಾಲು ತೊಳೆದು ನನ್ನ ಹತ್ತಿರ ಬಂದರು. "ಮುಗೀತು ಬುಡಿ. ಸೊಂಟ ಎಂಗದೆ?" ಎಂದರು. "ಪರವಾಗಿಲ್ಲ" ಎಂದೆ. ಉಪಕಾರವಾಯಿತು ಎನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.

ಆ ಸಂಜೆ ಗಿರಿಜ ಹುರುಳೀಕಾಯಿ ಬಿಡಿಸುತ್ತ ಕೂತಿದ್ದಾಗ ಹೇಳಿದೆ, "ಊರ ಮುಂದೆ ನಿಮ್ಮಮ್ಮ ನನ್ನನ್ನ 'ನೀನು' ಅಂದ್ರು."

"ಅಮ್ಮ? ನಿಮ್ಮನ್ನ ನೀನು ಅಂದ್ಳಾ?" ಎಂದು ಅವಳು ಕಾಯಿ ಕೆಳಗಿಟ್ಟಳು. ಮುಖ ತಿರುಗಿಸಿ, ಎದ್ದು ಕಿಟಕಿಯ ಕಡೆ ಹೋದಳು. ನನ್ನ ಪರವಾಗಿ ಅವಳಿಗೂ ಕೋಪ ಬಂದಿದೆ ಎಂದುಕೊಂಡೆ.

ಸೂರು ಹಾಕಿದ್ದಾಯಿತು, ಗಾರೆ ಆಯಿತು, ಸುಣ್ಣ ಆಯಿತು. ನಾನು ಅತ್ತೆಯನ್ನು ಕರೆಯಲಿಲ್ಲ. ಅವರು ರಾಮಕೃಷ್ಣನಗರಕ್ಕೇ ಹೋಗುತ್ತಾರೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ರೂಮು ನೋಡಲು ಅವರು ಬಂದ ದಿನ ನಾನೇ ಕಹಿಯಾಗಿ, "ನಿಮಗೆ ಅಲ್ಲೇ ಅನುಕೂಲ ಬಿಡಿ. ದೊಡ್ಡ ಮನೆ, ದೊಡ್ಡ ರೋಡು" ಎಂದೆ. ಅವರು ಟೇಪು ಬಿಚ್ಚಿ ಕಿಟಕಿಯ ಅಗಲ ಅಳೆಯುತ್ತಿದ್ದರು. ತಿರುಗದೆಯೇ ಹೇಳಿದರು, "ನಾನೆಲ್ಲಿರಬೇಕು ಅಂತ ನೀನು ಹೇಳ್ಬೇಡ. ಈ ಕಿಟಕಿ ಯಾಕೋ ಈ ಕಡೆ ಇಟ್ಟೆ? ಮಿಷನ್ಗೆ ಬೆಳಕು ಎಲ್ಲಿಂದ ಬರುತ್ತೆ?" ಮುಂದಿನ ವಾರ ಮಿಷನ್ನು ಸಂದಿಯಲ್ಲಿ ಅಡ್ಡಡ್ಡವಾಗಿ ಬಂತು. ಹಿಂದೆ ಅವರು ಬಂದರು.

ಗೆದ್ದೆ ಎಂದು ನೀವು ಹೇಳಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಅಂದಿನಿಂದ ದಿನಾ ಬೈಗುಳ. ತಲೆ ಸರಿಯಾಗಿ ಒರೆಸಿಕೊಳ್ಳಲಿಲ್ಲ ಎಂದು, ಮುದ್ದೆ ಅರ್ಧ ಬಿಟ್ಟೆ ಎಂದು, ಅಂಗಿಯ ಗುಂಡಿ ಹೋಗಿದ್ದರೂ ಹೇಳಲಿಲ್ಲ ಎಂದು. ಭಾನುವಾರ ಗುರುಸ್ವಾಮಿ ಬಂದರೆ ಮಾತ್ರ ಬೀರುವಿನಿಂದ ಹೂವಿನ ಚಿತ್ರದ ಕಪ್ಪು ಹೊರಬರುತ್ತದೆ. ಅತ್ತೆ ನೇರವಾಗಿ ಕೂರುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ, ಅವರ ಅಂಗಡಿಯನ್ನು ಹೊಗಳುತ್ತಾರೆ. ನಾನು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತ ಬಾಗಿಲಲ್ಲಿ ನಿಂತು ಆ ಕಪ್ಪನ್ನು ನೋಡುತ್ತೇನೆ. ಮೂರು ವರ್ಷ ಹಾಗೆ ನೋಡಿದ್ದೇನೆ. ನನ್ನದೇ ಮನೆ, ನಾನೇ ಕಟ್ಟಿಸಿದ ರೂಮು, ಉರಿ ಮಾತ್ರ ಅದೇ.

ಹೋದ ತಿಂಗಳು ಒಂದು ಭಾನುವಾರ ಗುರುಸ್ವಾಮಿಯವರನ್ನು ಬೀದಿಯವರೆಗೆ ಕಳಿಸಲು ಹೋದೆ. ಕಾರು ಒಳಗೆ ಬರುವುದಿಲ್ಲವಲ್ಲ, ಆದ್ದರಿಂದ ನಮ್ಮ ಮನೆಗೆ ಬಂದವರನ್ನು ಕಳಿಸುವುದೇ ಒಂದು ಸಣ್ಣ ಪ್ರಯಾಣ. ಅವತ್ತು ಅತ್ತೆ ನನ್ನನ್ನು ಸರಿಯಾಗಿ ಬೈದಿದ್ದರು, ಅವರ ಮುಂದೆಯೇ, ಮಾತ್ರೆ ಮರೆತದ್ದಕ್ಕೆ. ಸಂದಿಯ ನಡುವೆ ಗುರುಸ್ವಾಮಿ ನಿಂತರು. ಗೋಡೆಯ ಕಡೆ ನೋಡುತ್ತ ಹೇಳಿದರು, "ನಿಮ್ಮನ್ನ ಕಂಡ್ರೆ ನನಗೆ ಒಟ್ಟೆ ಉರೀತದೆ ಕಣ್ರೀ."

ನಾನು ಕೇಳಿದ್ದು ಸರಿಯೋ ತಪ್ಪೋ ಎಂದು ಅವರ ಮುಖ ನೋಡಿದೆ.

"ಅವತ್ತು ಜಲ್ಲಿ ಮೇಲೆ ಬಿದ್ರಲ್ಲ, ನೀವು. ಎಂಗೆ ಬೈದ್ರು. ನಾನು ಬಾಂಡ್ಲಿ ಇಡ್ಕಂಡು ನೋಡ್ತಾ ನಿಂತಿದ್ದೆ. ನಮ್ಮವ್ವ ಹೋದಾಗ ನನಗೆ ಆರು ವರ್ಷ. ನನ್ನ ಅಂಗೆ ಬೈಯೋರು ಯಾರೂ ಇರ್ನಿಲ್ಲ. ಇವ್ರ ಮನೆಗೆ ಅಳಿಯ ಆಗಿ ಇಪ್ಪತ್ತಾರು ವರ್ಷ ಆಯ್ತು. ಒಂದ್ಸಲ 'ನೀನು' ಅಂದಿಲ್ಲ. ಕಪ್ಪು ಸಾಸರು ಕೊಡ್ತಾರೆ."

ಅಷ್ಟು ಹೇಳಿ ಕಾರು ಹತ್ತಿ ಹೋದರು. ಅವರ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡದ್ದು ನನಗೆ ಗೊತ್ತಿತ್ತು. ಮದುವೆಯ ಹೊಸದರಲ್ಲೇ ಯಾರೋ ಹೇಳಿದ್ದರು. ಗೊತ್ತಿತ್ತು, ಅಷ್ಟೇ.

ನನಗೆ ಆಗ ಏನನ್ನಿಸಿತು ಎಂದು ಮುಚ್ಚಿಡದೆ ಹೇಳುತ್ತೇನೆ. ಮೊದಲು ಸಂತೋಷವಾಯಿತು. ಗುರುಸ್ವಾಮಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಆ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡು ಅರವತ್ತು ಹೆಜ್ಜೆ ವಾಪಸು ನಡೆದೆ. ಮೊದಲ ಒಬ್ಬಟ್ಟು ಸಿಕ್ಕಿದ ಹಾಗಾಗಿತ್ತು. ಮನೆ ತಲುಪಿದಾಗ ಅತ್ತೆ, "ಚಪ್ಪಲಿ ಇಲ್ದೆ ಬೀದಿಗೆ ಹೋಗಿದ್ಯಾ?" ಎಂದು ಗದರಿದರು. ಅವರ ಪಕ್ಕದ ಸ್ಟೂಲಿನ ಮೇಲೆ ಆ ಕಪ್ಪು ಇತ್ತು, ಅಡಿಯಲ್ಲಿ ಸ್ವಲ್ಪ ಕಾಫಿ ಉಳಿದಿತ್ತು. ಅದನ್ನು ನೋಡುತ್ತ ನೋಡುತ್ತ ನನ್ನ ಸಂತೋಷ ಇಳಿದುಹೋಯಿತು.

ಎರಡು ದಿನ ಬಿಟ್ಟು ಅತ್ತೆಯನ್ನು ಕೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. "ಗುರುಸ್ವಾಮಿಯವರನ್ನೂ ಒಂದು ದಿನ ನೀನು ಅನ್ನಿ, ಅತ್ತೆ."

"ಯಾಕೆ?"

"ಅವರಿಗೆ ಬೇಕಂತೆ."

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅದೇನು ಅಳತೆ ತಗೊಂಡು ಹೊಲ್ಕೊಡೋದೇನೋ? ಅವರು ದೊಡ್ಡ ಅಳಿಯಂದಿರು. ಮೊದಲಿಂದ ಹಂಗೇ ಬಂದ್ಬುಟ್ಟಿದೆ. ಈಗ ಬಾಯಿ ಬರಲ್ಲ ಕಣಪ್ಪ." ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡರು. "ನಿನಗೂ ಅನ್ಬೇಕು ಅಂತ ಅಂದಿದ್ದಲ್ಲ. ರಕ್ತ ನೋಡಿ ಬಂದ್ಬುಡ್ತು" ಎಂದರು.

ಇವತ್ತು ಹಾಲು ತಂದಿಟ್ಟು ಬೀದಿಗೆ ಬಂದು ನಿಂತೆ. ಹತ್ತು ಗಂಟೆಗೆ ಕಾರು ಬಂತು. ಗುರುಸ್ವಾಮಿ ಒಂದು ಚೀಲ ರಸಬಾಳೆ ಹಣ್ಣು ಹಿಡಿದು ಇಳಿದರು. ಎಂದಿನ ಹಾಗೆ, "ನಮಸ್ಕಾರ, ಚೆನ್ನಾಗಿದೀರಾ?" ಎಂದರು. ಇಷ್ಟು ವರ್ಷವೂ ನಾನು ಅದಕ್ಕೆ "ಬನ್ನಿ, ಬನ್ನಿ" ಎಂದೇ ಉತ್ತರ ಕೊಟ್ಟವನು. ಕಾಲೇಜಿನಲ್ಲಿ ಹದಿನೆಂಟರ ಹುಡುಗರಿಗೂ ನಾನು 'ನೀವು' ಅನ್ನುವವನು. ಬೇರೆ ಥರ ಮಾತಾಡಿ ನನಗೆ ಅಭ್ಯಾಸವಿಲ್ಲ. ಎರಡು ವರ್ಷ ದೊಡ್ಡವನು, ಅನ್ನಬಹುದು, ತಪ್ಪೇನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಏನೋ ಗುರು, ಈಗ ಬರ್ತಿದೀಯಾ? ಎಷ್ಟೊತ್ತು ಕಾಯೋದು ನಿನಗೆ? ಬಾ" ಎಂದೆ. ಬೇಕಾದದ್ದಕ್ಕಿಂತ ಜೋರಾಗಿಯೇ ಬಂತು.

ಅವರು ಕಾರಿನ ಬಾಗಿಲು ಹಿಡಿದು ನಿಂತರು. ನನ್ನ ಮುಖ ನೋಡಿದರು. ನನ್ನ ಹಾಗೆಯೇ ಅವರೂ ಇದನ್ನು ಅವಮಾನ ಎಂದು ತಿಳಿದುಬಿಟ್ಟರೆ ಎಂದು ಹೆದರಿದೆ. ಗಿಡಕ್ಕೆ ನೀರು ಹಾಕುತ್ತಿದ್ದ ಶೇಷಾದ್ರಿಗಳು ಕೂಡ ತಿರುಗಿ ನೋಡಿದರು.

"ಬಂದೆ ಕಣಯ್ಯ. ಅದ್ಕ್ಯಾಕೆ ಬೀದಿಗೆಲ್ಲ ಕೇಳಂಗೆ ಕೂಗ್ತೀಯ?" ಅಂದ. ಹಣ್ಣಿನ ಚೀಲವನ್ನು ನನ್ನ ಕೈಗೆ ತುರುಕಿ, ನನ್ನನ್ನು ದಾಟಿಕೊಂಡು ಸಂದಿಯೊಳಗೆ ನಡೆದ. ಒಳಗಿನಿಂದ ಅತ್ತೆಯ ದನಿ ಬಂತು, "ಯಾರು, ಗುರುಸ್ವಾಮಿಯವರಾ? ಬನ್ನಿ, ಬನ್ನಿ." ಬೀರುವಿನ ಬಾಗಿಲು ತೆಗೆದ ಸದ್ದೂ ಕೇಳಿಸಿತು. ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು, ಇಲ್ಲವೆನ್ನಲಾರೆ. ಚೀಲ ಹೊತ್ತುಕೊಂಡು ಅವನ ಹಿಂದೆ ಹೋದೆ. ಎರಡು ಮೆಟ್ಟಿಲಿರುವ ಕಡೆ ಅವನು ಇಳಿದು, ನಿಂತು, ನನ್ನ ಕಡೆ ತಿರುಗಿದ.

"ತೇವ ಅದೆ, ನೋಡ್ಕಂಡು ಇಳಿ" ಅಂದ.